ಪೂರ್ತಿ ಬೆಲೆ

ದೀಪದ ಬುಡ ಆ ಹೆಂಗಸಿನ ಕೈಯಲ್ಲಿತ್ತು, ತಲೆ ಇವನ ಕೈಯಲ್ಲಿ. ಇಬ್ಬರೂ ಬಿಡುವ ಹಾಗಿರಲಿಲ್ಲ.

"ನಾನು ಮೊದ್ಲು ನೋಡಿದ್ದು," ಎಂದಳು ಅವಳು.

"ನೋಡಿದ್ದು ನೀವೇ ಇರಬಹುದು. ಮುಟ್ಟಿದ್ದು ನಾನು."

ಅವಳು ಜಗ್ಗಿದಳು. ಅವನೂ ಜಗ್ಗಿದ. ಅಂಗಡಿಯ ಸೇಲಿಗೆ ಬಂದು ಸುತ್ತ ನೆರೆದವರು ತಂತಮ್ಮ ಜಗ್ಗಾಟದಲ್ಲಿದ್ದುದರಿಂದ ಯಾರೂ ಇತ್ತ ನೋಡಲಿಲ್ಲ. ಕೊನೆಗೆ ಅವನು ದನಿ ತಗ್ಗಿಸಿ, ತೀರ ಬೇಕಾದವರಿಗೆ ಗುಟ್ಟು ಹೇಳುವವನ ಹಾಗೆ, "ಇದರ ವೈರು ಒಳಗೇ ಕಟ್ ಆಗಿದೆ. ಶಾಕ್ ಹೊಡೆಯುತ್ತೆ. ಅದಕ್ಕೇ ಇಷ್ಟು ಕಡಿಮೆ," ಎಂದ.

ಹೆಂಗಸು ತಟ್ಟನೆ ಕೈಬಿಟ್ಟಳು. ಆಮೇಲೆ ಅನುಮಾನ ಬಂತು. "ಮತ್ತೆ ನಿಮಗ್ಯಾಕೆ?"

"ನಮ್ಮ ಅತ್ತೆಗೆ," ಎಂದ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಪಿಂಗಾಣಿ ತಟ್ಟೆಗಳ ಕಡೆ ಹೊರಟುಹೋದಳು.

ವೈರು ಸರಿಯಾಗೇ ಇತ್ತು. ಅವನು ದೀಪವನ್ನು ಟ್ರಾಲಿಯಲ್ಲಿ ಮಲಗಿಸಿ, ಗೆದ್ದವನ ಬೆವರು ಒರೆಸಿಕೊಂಡ.

ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ. ಪ್ರತಿ ಎರಡನೆಯ ವಾಕ್ಯವನ್ನು 'ಆದ್ದರಿಂದ' ಎಂದು ಶುರುಮಾಡುತ್ತಿದ್ದುದರಿಂದ ಹುಡುಗರು ಅವನಿಗೆ ಅದೇ ಹೆಸರಿಟ್ಟಿದ್ದರು. ಆದ್ದರಿಂದ ಬಂದ, ಆದ್ದರಿಂದ ಹೋದ, ಆದ್ದರಿಂದನಿಗೆ ಇವತ್ತು ನೆಗಡಿ. ಅವನಿಗೆ ಇದು ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇರುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ವರ್ಷದ ಕೊನೆಯ ರಜೆಗೆ ಹೆಂಡತಿಯ ಅಣ್ಣನ ಮನೆಯಲ್ಲಿ ಎಲ್ಲರೂ ಸೇರುತ್ತಾರೆ. ಎಲ್ಲರೂ ಎಲ್ಲರಿಗೂ ಏನಾದರೊಂದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಬಿಚ್ಚಿದವರು "ಅಯ್ಯೋ, ಇದೆಲ್ಲ ಯಾಕೆ?" ಎನ್ನುತ್ತಾರೆ. ಆ ಪ್ರಶ್ನೆಗೆ ಅವನ ಬಳಿಯೂ ಉತ್ತರವಿರಲಿಲ್ಲ. ಆದರೆ ಕೊಡಲೇಬೇಕೆಂದ ಮೇಲೆ ಕಡಿಮೆಯಲ್ಲಿ ಕೊಡುವುದು ಜಾಣತನ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

ಅವನ ವಿಧಾನ ಸರಳ. ಬೇರೆಯವರು ಮನುಷ್ಯರನ್ನು ನೆನೆದುಕೊಂಡು ವಸ್ತು ಹುಡುಕುತ್ತಾರೆ. ಅವನು ರಿಯಾಯಿತಿಯ ಕೆಂಪು ಸ್ಟಿಕ್ಕರ್ ಇರುವ ವಸ್ತು ಸಿಕ್ಕಿದ ಮೇಲೆ ಅದಕ್ಕೊಬ್ಬ ಸಂಬಂಧಿಯನ್ನು ಹುಡುಕುತ್ತಿದ್ದ. ದೀಪ ಸಿಕ್ಕಿತು, ಕತ್ತಲಾಗುತ್ತಲೇ ಮಲಗಿಬಿಡುವ ಅತ್ತೆ ಅದಕ್ಕೆ ಸಿಕ್ಕರು. ಒಂದು ಕಾಲಾಳು ಕಳೆದುಹೋದ ಚದುರಂಗದ ಪೆಟ್ಟಿಗೆ ಸಿಕ್ಕಿತು, ಭಾವನ ಮಗಳಿಗಾಯಿತು. ಅದರ ಬದಲು ಅಂಗಿಯ ಗುಂಡಿಯೊಂದನ್ನು ಇಟ್ಟುಕೊಂಡರೆ ಆಟವೇನೂ ನಿಲ್ಲುವುದಿಲ್ಲ.

ಹೆಂಡತಿಗೆ ಇನ್ನೂ ಏನೂ ಸಿಕ್ಕಿರಲಿಲ್ಲ. ನಾನ್‌ಸ್ಟಿಕ್ ಬಾಣಲೆಗಳ ಕಪಾಟಿನ ಮುಂದೆ ನಿಂತು ಯೋಚಿಸುತ್ತಿದ್ದಾಗ ಹೆಂಡತಿಯೇ ಕಣ್ಣಿಗೆ ಬಿದ್ದಳು.

ಬಾಣಲೆಗಳ ಸಂದಿಯಲ್ಲಿ, ಆಚೆ ಗಂಡಸರ ಬಟ್ಟೆಯ ವಿಭಾಗದಲ್ಲಿ, ಬೆನ್ನು ಹಾಕಿ ನಿಂತಿದ್ದಳು. ಸಂಜೆಯವರೆಗೂ ಆಸ್ಪತ್ರೆಯಲ್ಲಿ ಡ್ಯೂಟಿ ಇದೆ ಎಂದು ಬೆಳಿಗ್ಗೆ ಹೇಳಿದ್ದಳು. ಅವನು ಉತ್ತರಪತ್ರಿಕೆ ತಿದ್ದುವುದಿದೆ ಎಂದಿದ್ದ. ಇಬ್ಬರ ಸುಳ್ಳುಗಳೂ ಒಂದೇ ಅಂಗಡಿಗೆ ಬಂದು ಸೇರಿದ್ದವು.

ಕರೆಯಬಹುದಿತ್ತು. ಕರೆದರೆ ಇಬ್ಬರೂ ನಗಬೇಕಾಗುತ್ತಿತ್ತು, ಆಮೇಲೆ ಒಟ್ಟಿಗೆ ಕಾಫಿ ಕುಡಿಯಬೇಕಾಗುತ್ತಿತ್ತು. ಅವನು ದೊಡ್ಡದೊಂದು ಬಾಣಲೆಯನ್ನು ಮುಖಕ್ಕೆ ಅಡ್ಡ ಹಿಡಿದು, ಅದರ ಅಂಚಿನಿಂದ ಇಣುಕಿದ.

ಅವಳು ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ನಂಬರ್ ನೋಡುವವಳು. ದಿನವಿಡೀ ಗಾಜು ಬದಲಾಯಿಸುತ್ತ 'ಇದು ಸ್ಪಷ್ಟವೋ, ಇದು ಸ್ಪಷ್ಟವೋ' ಎಂದು ಕೇಳುವುದು ಅವಳ ಕೆಲಸ. ಈಗಲೂ ಅವಳು ಅದೇ ಮುಖ ಹೊತ್ತು ಎರಡು ಕೋಟುಗಳ ನಡುವೆ ನಿಂತಿದ್ದಳು. ಕಂದು ಬಣ್ಣದ್ದನ್ನು ವಾಪಸ್ಸು ತೂಗುಹಾಕಿದಳು. ಬೂದು ಬಣ್ಣದ ಉಣ್ಣೆಯ ಕೋಟನ್ನು ಹತ್ತಿರ ಎಳೆದುಕೊಂಡು, ಅತ್ತಿತ್ತ ನೋಡಿ, ಅದರ ತೋಳಿಗೆ ಕೆನ್ನೆ ಒತ್ತಿದಳು.

ಅವನು ಬಾಣಲೆಯನ್ನು ತುಸು ಇಳಿಸಿದ. ಅಂಥದೊಂದು ಕೋಟು ತನಗೆ ಬೇಕೆಂದು ಎಂದೋ ಒಮ್ಮೆ ಅವಳ ಮುಂದೆ ಹೇಳಿದ್ದ ನೆನಪಾಯಿತು. ಹೇಳಿರದಿದ್ದರೂ ಹೇಳಬೇಕೆಂದುಕೊಂಡದ್ದಂತೂ ನಿಜ. ಹೇಳದೆಯೇ ಅರ್ಥಮಾಡಿಕೊಂಡಿದ್ದರೆ ಇನ್ನೂ ದೊಡ್ಡದು.

ಅವಳು ಬೆಲೆಯ ಚೀಟಿ ತಿರುಗಿಸಿ ನೋಡಿದಳು. ಕೋಟನ್ನು ಮೆಲ್ಲಗೆ ಅದರ ಜಾಗಕ್ಕೆ ಸೇರಿಸಿದಳು. ಮೂಲೆಯಲ್ಲಿ ರಾಶಿ ಹಾಕಿದ್ದ, ಕುತ್ತಿಗೆ ಜೋತ ಸ್ವೆಟರುಗಳ ಕಡೆ ನಡೆದಳು.

ಅವನು ತರ್ಕಿಸಿದ. ನನಗೆ ಕೋಟು ಬೇಕು. ಅವಳಿಗೆ ರಿಯಾಯಿತಿ ಬೇಕು. ಆದ್ದರಿಂದ.

ಟ್ರಾಲಿಯನ್ನು ಅಲ್ಲೇ ಬಿಟ್ಟು, ಬಗ್ಗಿಕೊಂಡು, ಗಂಡಸರ ಬಟ್ಟೆಯ ಸಾಲಿನೊಳಗೆ ನುಸುಳಿದ. ಪಕ್ಕದಲ್ಲಿ ನೇತಾಡುತ್ತಿದ್ದ ಪ್ಲಾಸ್ಟಿಕ್ ಮಳೆಕೋಟಿನಿಂದ 'ಅರ್ಧ ಬೆಲೆ' ಎಂಬ ಕೆಂಪು ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿದ. ಅದು ಹರಿಯದೆ ಇಡಿಯಾಗಿ ಎದ್ದುಬಂತು. ಉಣ್ಣೆಯ ಕೋಟಿನ ಚೀಟಿಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ. ಶಾಲೆಯಲ್ಲಿ ಮೇಷ್ಟರ ಕುರ್ಚಿಗೆ ಅಂಟು ಬಳಿದ ದಿನದಿಂದ ಈವರೆಗೆ ಅವನಿಗೆ ಇಷ್ಟು ಖುಷಿಯಾಗಿರಲಿಲ್ಲ.

ಮತ್ತೆ ಬಾಣಲೆಗಳ ಹಿಂದೆ ಬಂದು ಕಾದ. ಅವಳು ಬರುತ್ತಾಳೆಂದು ಗೊತ್ತಿತ್ತು. ಬಿಟ್ಟುಹೋದ ವಸ್ತುವನ್ನು ಇನ್ನೊಮ್ಮೆ ನೋಡದೆ ಹೋಗುವ ಜಾತಿ ಅವಳದಲ್ಲ. ಬಂದಳು. ನೋಡಿದಳು. ಕಂಕುಳಲ್ಲಿದ್ದ ಸ್ವೆಟರನ್ನು ಸರಿಸಿಕೊಂಡು ಸ್ಟಿಕ್ಕರನ್ನು ಮುಟ್ಟಿದಳು. ಆಮೇಲೆ ಕೋಟನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ಬಿಲ್ ಕೌಂಟರಿನ ಕಡೆ ಓಡುನಡಿಗೆಯಲ್ಲಿ ಹೊರಟಳು.

ಕೌಂಟರಿನ ಹುಡುಗಿ ಚೀಟಿಯನ್ನು ಯಂತ್ರಕ್ಕೆ ಹಿಡಿದಳು. ಹುಬ್ಬು ಗಂಟಿಕ್ಕಿದಳು. ಮತ್ತೆ ಹಿಡಿದಳು. ಕೈ ಎತ್ತಿ ಯಾರನ್ನೋ ಕರೆದಳು. ಬಿಗಿಯಾದ ಟೈ ಕಟ್ಟಿದ ಮ್ಯಾನೇಜರ್ ಬಂದ.

"ಈ ಸ್ಟಿಕ್ಕರ್ ಮಳೆಕೋಟಿಂದು ಮೇಡಂ."

"ನಾನು ಅಂಟಿಸಿಲ್ಲ."

"ನೀವು ಅಂತ ನಾನೆಲ್ಲಿ ಹೇಳ್ದೆ? ಅದೇ ಹಾರಿ ಬಂದು ಕೂತ್ಕೊಂಡಿರಬೇಕು."

ಸಾಲಿನಲ್ಲಿದ್ದವರು ನಕ್ಕರು. ಪಿಂಗಾಣಿ ತಟ್ಟೆಗಳನ್ನು ಹಿಡಿದುಕೊಂಡು ನಿಂತಿದ್ದ ಆ ದೀಪದ ಹೆಂಗಸು ಎಲ್ಲರಿಗಿಂತ ಜೋರಾಗಿ ನಕ್ಕಳು.

ಅವನ ಕಾಲು ಅಲ್ಲಾಡಲಿಲ್ಲ. ಈಗ ಹೋದರೆ ಒಬ್ಬ ಕಳ್ಳಿಯ ಜಾಗದಲ್ಲಿ ಒಂದು ಕಳ್ಳ ಸಂಸಾರವೇ ಆಗುತ್ತದೆ ಎಂದುಕೊಂಡ. ಅವಳಿಗೆ ಅವಮಾನ ಇನ್ನೂ ಹೆಚ್ಚಾಗುತ್ತದೆ. ಆದ್ದರಿಂದ ಹೋಗದಿರುವುದೇ ಅವಳಿಗೆ ಮಾಡುವ ಉಪಕಾರ. ತರ್ಕದಲ್ಲಿ ದೋಷವಿರಲಿಲ್ಲ. ಬಾಣಲೆಯನ್ನು ಮಾತ್ರ ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದ.

ಅವಳು ಬೆನ್ನು ನೆಟ್ಟಗೆ ಮಾಡಿದಳು. ಕಿವಿ ಕೆಂಪಾಗಿದ್ದುದು ಇಲ್ಲಿಗೂ ಕಾಣುತ್ತಿತ್ತು.

"ಪೂರ್ತಿ ಬೆಲೆಗೇ ಬಿಲ್ ಹಾಕಿ," ಎಂದಳು.

"ಬೇಡ ಅಂದ್ರೆ ಬಿಡಬಹುದು ಮೇಡಂ, ಬಲವಂತ ಏನಿಲ್ಲ."

"ಹಾಕಿ ಅಂದೆನಲ್ಲ."

ಅವಳು ದುಡ್ಡು ಕೊಟ್ಟು, ಚೀಲ ತೆಗೆದುಕೊಂಡು, ಯಾರನ್ನೂ ನೋಡದೆ ಬಾಗಿಲು ದಾಟಿ ಹೋದಳು.

ನಾಚಿಕೆ ಆಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಆದರೆ ಅದರ ಅಡಿಯಿಂದ ಬೇರೇನೋ ಉಕ್ಕುತ್ತಿತ್ತು. ಅವನ ಬದುಕಿನಲ್ಲಿ ಅವನಿಗಾಗಿ ಯಾರೂ ಯಾವುದಕ್ಕೂ ಪೂರ್ತಿ ಬೆಲೆ ಕೊಟ್ಟಿರಲಿಲ್ಲ. ಅಪ್ಪ ಅವನ ಪಠ್ಯಪುಸ್ತಕಗಳನ್ನು ಹಳೆಯವನ್ನೇ ತರುತ್ತಿದ್ದ. ಮದುವೆಯ ಸೂಟು ಬಾಡಿಗೆಯದು. ಕೆಲಸ ಕೂಡ ಇನ್ನೊಬ್ಬ ಬೇಡವೆಂದು ಬಿಟ್ಟುಹೋದದ್ದು. ಇವತ್ತು, ಇಷ್ಟು ಜನರ ಎದುರು, ಒಬ್ಬಳು ಅವನಿಗಾಗಿ ಮಾನ ಕಳೆದುಕೊಂಡೂ ಪೂರ್ತಿ ಬೆಲೆ ತೆತ್ತಿದ್ದಳು.

ಅವಳಿಗೂ ಪೂರ್ತಿ ಬೆಲೆಯದ್ದನ್ನೇ ಕೊಡಬೇಕು ಎಂದು ನಿರ್ಧರಿಸಿದ. ಟ್ರಾಲಿಯಲ್ಲಿದ್ದುದಕ್ಕೆ ದುಡ್ಡು ಕೊಟ್ಟು, ನಾಳೆ ಬಂದು ಒಯ್ಯುತ್ತೇನೆಂದು ಅಲ್ಲೇ ಇರಿಸಿ ಹೊರಬಿದ್ದು, ಎದುರುಗಡೆಯ ಸಣ್ಣ ಅಂಗಡಿಗೆ ನುಗ್ಗಿದ. ಅಲ್ಲಿ ಎಲ್ಲೂ ಒಂದು ಕೆಂಪು ಸ್ಟಿಕ್ಕರ್ ಇರಲಿಲ್ಲ. ಎಲ್ಲ ವಸ್ತುಗಳೂ ಒಂದೇ ಥರ ಸುಮ್ಮನೆ ಅವನನ್ನು ನೋಡುತ್ತಿದ್ದವು.

"ಯಾರಿಗೆ ಸರ್?" ಎಂದಳು ಅಂಗಡಿಯ ಹುಡುಗಿ.

"ಹೆಂಡತಿಗೆ."

"ಅವರಿಗೆ ಏನಿಷ್ಟ?"

ಅವನು ಬಾಯಿ ತೆರೆದ. ಅವಳಿಗೆ ಏನಿಷ್ಟವಿಲ್ಲ ಎಂಬುದು ಒಂದಿಷ್ಟು ಗೊತ್ತಿತ್ತು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದು, ಊಟದ ನಡುವೆ ಓದುವುದು, ಅವನು ಗುನುಗುವುದು.

"ಬಣ್ಣನಾದ್ರೂ ಹೇಳಿ ಸರ್. ಯಾವ ಬಣ್ಣ ಇಷ್ಟ?"

"ನಿಮಗೆ ಯಾವುದಿಷ್ಟ?"

"ನಂಗಾ?" ಹುಡುಗಿ ನಾಚಿದಳು. "ನಂಗೆ ಹಸಿರು."

"ಹಾಗಾದ್ರೆ ಹಸಿರೇ ಕೊಡಿ."

ಹುಡುಗಿ ತನಗಿಷ್ಟವಾದ ಹಸಿರು ರೇಷ್ಮೆ ಸ್ಕಾರ್ಫನ್ನು ಆರಿಸಿ, ತನಗಿಷ್ಟವಾದ ಕಾಗದದಲ್ಲಿ ಸುತ್ತಿ, ತುಸು ಆಸೆಯಿಂದಲೇ ಅವನ ಕೈಗಿಟ್ಟಳು. ಅವನು ಚೌಕಾಸಿ ಮಾಡಲಿಲ್ಲ. ಜೇಬಿನಲ್ಲಿಟ್ಟುಕೊಂಡು, ಗುನುಗುತ್ತಾ ಮನೆಗೆ ನಡೆದ.

ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ದೀಪ ಹಚ್ಚಿಕೊಂಡು ಅವಳು ಕೂತಿದ್ದಳು. ಸೂಜಿದಾರದ ಡಬ್ಬಿ ತೆರೆದಿತ್ತು. ಕೋಟು ಬಚ್ಚಿಟ್ಟಿರದೆ, ಕುರ್ಚಿಯ ಬೆನ್ನಿಗೆ ರಾಜಾರೋಷವಾಗಿ ನೇತಾಡುತ್ತಿತ್ತು.

"ಪೇಪರ್ ತಿದ್ದಿ ಆಯ್ತಾ?"

"ಆಯ್ತು. ನಿನ್ನ ಡ್ಯೂಟಿ?"

"ಆಯ್ತು."

ಅವನು ಕೋಟನ್ನು ಈಗಷ್ಟೇ ಕಂಡವನ ಹಾಗೆ ಕಂಡ. "ಇದೇನಿದು?"

"ಬರ್ತಾ ತಂದೆ. ಅರ್ಧ ಬೆಲೆಗೆ ಸಿಕ್ತು."

ಅವನು ಅವಳ ಮುಖ ನೋಡಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದೇ ಸಲಕ್ಕೆ ಹೋಯಿತು.

"ಗಲಾಟೆ ಏನಿರಲಿಲ್ವಾ ಅಂಗಡಿಯಲ್ಲಿ?"

"ಯಾಕೆ ಇರ್ಬೇಕು?"

"ಸುಮ್ನೆ ಕೇಳ್ದೆ."

"ಇದ್ದರು ಯಾರೋ, ಮಾಡೋಕೆ ಕೆಲಸ ಇಲ್ಲದವರು," ಎಂದಳು. ತಲೆ ಎತ್ತಿ ಒಂದು ಗಳಿಗೆ ಅವನನ್ನು ನೋಡಿದಳು, ಅಥವಾ ಅವನ ಹಿಂದಿನ ಗೋಡೆಯನ್ನು. "ಅದಿರ್ಲಿ, ಇದನ್ನ ಒಂಚೂರು ಹಾಕ್ಕೊಳ್ಳಿ."

ಅವನು ಹಾಕಿಕೊಂಡ. ಉಣ್ಣೆ ಬೆಚ್ಚಗೆ ಮೈ ತಬ್ಬಿತು. ಈಗ ಎಲ್ಲ ಹೇಳಿಬಿಡಬೇಕು ಎನಿಸಿತು: ಬಾಣಲೆ, ಸ್ಟಿಕ್ಕರ್, ಅಲ್ಲಾಡದ ಕಾಲು. ಜೇಬಿನ ಹಸಿರು ಪೊಟ್ಟಣವನ್ನು ಅಲ್ಲೇ ತೆಗೆದು ಕೊಡಬೇಕು ಎನಿಸಿತು.

"ಎರಡೂ ಕೈ ಅಗಲಿಸಿ," ಎಂದಳು ಅವಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಭುಜದಿಂದ ಮಣಿಕಟ್ಟಿನವರೆಗೆ ಹೊಲಿಗೆ ಸವರಿ ನೋಡಿದಳು. "ನಿಮ್ಮದೂ ಅಣ್ಣಂದೂ ಒಂದೇ ಅಳತೆ. ಅವನ ಕೈ ಮಾತ್ರ ಒಂದು ಬೆರಳು ಉದ್ದ. ತೋಳು ಸ್ವಲ್ಪ ಬಿಚ್ಚಿ ಹೊಲಿದ್ರೆ ಸರಿಹೋಗುತ್ತೆ."

"ಭಾವನಿಗಾ?"

"ಮತ್ತೆ? ಅಲ್ಲಾಡಬೇಡಿ, ಸೂಜಿ ಚುಚ್ಚುತ್ತೆ."

ಅವನು ಅಲ್ಲಾಡಲಿಲ್ಲ.

"ಉಳಿದವರಿಗೆ?" ಎಂದ.

"ಎಲ್ಲಾ ಆಯ್ತು."

"ಎಲ್ಲರಿಗೂನಾ?"

"ಹೂಂ. ನಿಮಗೂ ತಂದಿದೀನಿ. ಒಳ್ಳೇ ಸೇಲ್ ಇತ್ತು."

ಅವಳು ಸೂಜಿಗಳನ್ನು ಚುಚ್ಚಿ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿದಳು. ಮುಖದಲ್ಲಿ ನಗು ಅರಳಿತು. ಅದು ಕೋಟಿಗೆ ಮೂಡಿದ ನಗು. ಒಳಗೆ ಫೋನು ಬಡಿದುಕೊಂಡಿತು.

"ಅಣ್ಣಂದೇ ಇರಬೇಕು," ಎಂದು, ಸೂಜಿಗಳು ಬೀಳದ ಹಾಗೆ ಕೋಟನ್ನು ಜೋಪಾನವಾಗಿ ಅವನ ಮೈಯಿಂದ ಜಾರಿಸಿಕೊಂಡು, ತೋಳಿನ ಮೇಲೆ ಹಾಕಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ನಗು ಕೇಳಿಸಿತು. ಈ ಮನೆಯಲ್ಲಿ ಅವನು ಕೇಳಿರದ ನಗು.

ಕೈಗಳನ್ನು ಇಳಿಸಬೇಕು ಎಂದು ಅವನಿಗೆ ತೋಚಲಿಲ್ಲ. ದೀಪದ ಬೆಳಕಿನಲ್ಲಿ, ಪರದೆಯಿಲ್ಲದ ಕಿಟಕಿಯ ಗಾಜಿನ ಪಕ್ಕ, ಎರಡೂ ತೋಳು ಚಾಚಿ ಹಾಗೇ ನಿಂತಿದ್ದ. ಹೊರಗೆ ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ನಡಿಗೆ ನಿಧಾನಿಸಿದ. ನಿಂತ. ಕೈಯಲ್ಲಿದ್ದ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಕಿಟಕಿಯ ಹತ್ತಿರ ಬಂದು, ಅವನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದ. ಕತ್ತಿನ ಹತ್ತಿರ ಬೆಲೆಯ ಚೀಟಿ ಹುಡುಕಿದ. ಅದು ಕಾಣದೆ, ತಲೆಯಾಡಿಸಿ, ಮುಂದಕ್ಕೆ ಹೋದ.