ಸೀರೆ ಹರಿದ ದಿಕ್ಕು

“ಇದು ಸಂಜೆ ಹೊತ್ತು,” ಎಂದಳು ನಿಶ್ಮಿತಾ, ಚಿತ್ರದೊಳಗಿನ ಕೆಂಪು ಸೂರ್ಯನನ್ನು ತೋರಿಸುತ್ತ. “ಹೊಳೆಯ ತುದಿಯಲ್ಲಿ ಸೂರ್ಯ ಮುಳುಗ್ತಾ ಉಂಟು.”

ಮ್ಯೂಸಿಯಂ ನೋಡಲು ಬಂದಿದ್ದ ಮುಂಬಯಿ ಮಾಟುಂಗದ ಕನ್ನಡ ಸಂಘದವರು ತಲೆಯಾಡಿಸಿದರು. ಮುಂದೆ ಕೈಕಟ್ಟಿ ನಿಂತಿದ್ದವನು ಅವಳ ಅಪ್ಪ ಚೆನ್ನಯ. ತನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಬೆಳಿಗ್ಗೆ ಲೋಕಲ್ ರೈಲಿನಲ್ಲೇ ಅವಳಿಗೆ ಕೊಟ್ಟಿದ್ದ. “ಚಿತ್ರ ನೋಡಿ ಹೊಟ್ಟೆ ತುಂಬುದಿಲ್ಲ ಮಗಾ. ಇವತ್ತು ನಮ್ಮವರಿಗೆ ತಿಳಿಯುವ ಹಾಗೆ ಹೇಳಿದ್ರೆ ಗೈಡ್ ಕೆಲಸ ಮಾಡು. ಇಲ್ಲದಿದ್ರೆ ನಾಳೆಯಿಂದ ಗಲ್ಲಾದಲ್ಲಿ ಕೂತ್ಕೋ.” ಮಲಾಡಿನಲ್ಲಿ ಬೆಳೆದ ಮಗಳ ಕನ್ನಡ ಎಷ್ಟು ದೂರ ಓಡೀತೆಂದು ಅವನಿಗೆ ಗೊತ್ತಿತ್ತು. ಬೀಗದ ಕೈ ಈಗ ಅವಳ ಜೀನ್ಸಿನ ಜೇಬಿನಲ್ಲಿ ಚುಚ್ಚುತ್ತಿತ್ತು.

“ತಂಗೀ, ಸಂಜಿ ಹೆಂಗಾಕ್ಕೈತಿ?” ಹಿಂದಿನಿಂದ ಕೇಳಿದರು ಬಸವಂತಪ್ಪ. ಬಾಗಲಕೋಟೆ ಕಡೆಯವರು, ಪವಾಯಿಯಲ್ಲಿ ಕಟ್ಟಡದ ಗುತ್ತಿಗೆದಾರರು. “ಕೆಳಗ ಕೃಷ್ಣಾ ಕಣಿವೆ ಅಂತ ಬರದಾರಲ್ಲ. ನಮ್ಮ ಹೊಳಿ ಮೂಡಲಕ್ಕ ಹರೀತೈತಿ.”

“ಹೊಳೆ ಮೂಡಕ್ಕೆ ಹೋಗುದಾ?” ಅಪ್ಪ ತಿರುಗಿದ. “ಹೊಳೆ ಹೋಗುದು ಸಮುದ್ರಕ್ಕೆ. ಸಮುದ್ರ ಇರುದು ಪಡುವಣದಲ್ಲಿ. ಊರಲ್ಲೂ ಹಾಗೇ, ಬೊಂಬಾಯಿಯಲ್ಲೂ ಹಾಗೇ.”

“ದೇಶಕ್ಕ ನಿಮ್ಮ ಸಮುದ್ರ ಒಂದೇ ಏನ್ರಿ ಇರೂದು?”

ಸಂಘವೆಂದ ಮೇಲೆ ಎರಡು ಪಕ್ಷ ಇರಲೇಬೇಕು. ಕರಾವಳಿಯವರೆಲ್ಲ ಸಂಜೆಯ ಕಡೆ, ಬಯಲುಸೀಮೆಯವರೆಲ್ಲ ಬೆಳಗಿನ ಕಡೆ ಆದರು. ನಿಶ್ಮಿತಾಳೂ ಆ ಅಪ್ಪನ ಮಗಳೇ ತಾನೆ? ಹೊಳೆಯ ತುದಿಯಲ್ಲಿ ಸೂರ್ಯ ಕಂಡರೆ ಸಂಜೆ ಎಂದು ಯಾರನ್ನೂ ಕೇಳದೆ ನಂಬಿಬಿಟ್ಟಿದ್ದಳು. ನೂರೈವತ್ತು ವರ್ಷದ ಹಿಂದೆ ಇದನ್ನು ಬರೆದ ಇಂಗ್ಲಿಷ್ ಕಲಾವಿದನ ಬಗ್ಗೆ ಓದಿದ್ದೆಲ್ಲ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ.

ಮಾತು ಬಿಟ್ಟು ಚಿತ್ರವನ್ನೇ ನೋಡಿದಳು. ಬಂಡೆಯ ಪಕ್ಕ ಉಗುರಿನಷ್ಟು ಚಿಕ್ಕ ಹೆಂಗಸೊಬ್ಬಳು ಬಗ್ಗಿ, ಹೊಳೆಯಲ್ಲಿ ಸೀರೆ ಜಾಲಿಸುತ್ತಿದ್ದಳು. ಎಷ್ಟೋ ಸಲ ನೋಡಿದ ಚಿತ್ರ, ಅವಳನ್ನು ಮಾತ್ರ ಕಂಡಿರಲಿಲ್ಲ.

“ಎಲ್ಲರೂ ಹತ್ತಿರ ಬನ್ನಿ,” ಎಂದಳು. “ಈ ಹೆಂಗಸು ಸೀರೆಯ ಒಂದು ತುದಿ ಹಿಡ್ಕೊಂಡಿದ್ದಾಳೆ. ಇನ್ನೊಂದು ತುದಿ ಯಾವ ಕಡೆ ಹೋಗ್ತಾ ಉಂಟು?”

“ಸೂರ್ಯನ ಕಡೆ,” ಎಂದರು ನಾಲ್ಕಾರು ಮಂದಿ.

“ಅಂದ್ರೆ ನೀರು ಹರಿಯುದು ಸೂರ್ಯನ ಕಡೆ. ಕೃಷ್ಣಾ ಹರಿಯುದು ಪೂರ್ವಕ್ಕೆ, ಅಂಕಲ್ ಹೇಳಿದ್ರು. ಹಾಗಾದ್ರೆ ಸೂರ್ಯ ಪೂರ್ವದಲ್ಲಿ.” ಅವಳ ದನಿ ಏರಿತು. “ನಾನು ಹೇಳಿದ್ದು ರಾಂಗ್. ಇದು ಬೆಳಿಗ್ಗೆ. ಸೀರೆ ಒಣಗ್ಲಿಕ್ಕೆ ಈ ಅಮ್ಮನಿಗೆ ಇಡೀ ದಿನ ಉಂಟು.”

ಚಪ್ಪಾಳೆ ಬಿತ್ತು. ವಾಚ್‌ಮನ್ ಬಂದು ಗದರಿದರೂ ನಿಲ್ಲಲಿಲ್ಲ. “ಭೇಷ್ ತಂಗಿ,” ಎಂದರು ಬಸವಂತಪ್ಪ. ಪರೀಕ್ಷೆಯಲ್ಲಿ ಪಾಸಾದಾಗಲೂ ನಿಶ್ಮಿತಾ ಇಷ್ಟು ಹಿಗ್ಗಿರಲಿಲ್ಲ.

ಎಲ್ಲರೂ ಚಹಾಕ್ಕೆ ಹೊರಟ ಮೇಲೆ ಬೀಗದ ಕೈ ತೆಗೆದು ಅಪ್ಪನ ಮುಂದೆ ಹಿಡಿದಳು. ಚಿತ್ರದಿಂದ ಕಣ್ಣು ತೆಗೆಯದೆಯೇ ಅವನು ಅದನ್ನು ತನ್ನ ಶರ್ಟಿನ ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ಗಂಡಹೆಂಡತಿ ಇಬ್ಬರು ಬಂದು ಚಿತ್ರದೆದುರು ನಿಂತರು. “ಸನ್‌ಸೆಟ್,” ಎಂದ ಗಂಡ.

“ನಹೀಂ ಸಾಬ್, ಸುಬಹ್ ಹೈ,” ಬೆಳಗಿನ ಹೊತ್ತೆಂದು ತಿದ್ದಿದ ಅಪ್ಪ. “ವೋ ಸಾಡಿ ದೇಖೋ.” ಆ ಪುಟ್ಟ ಹೆಂಗಸು ಅವರಿಗೆ ಕಾಣಲೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.