ಸಿದ್ದಗಂಗಮ್ಮನ ಥೆರೆಮಿನ್

ಶನಿವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಹಾಲಸ್ವಾಮಿ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಮೊಪೆಡ್ಡಿನ ಮುಂದೆ, ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡು ಹೊನ್ನವಳ್ಳಿಗೆ ಬಂದ. ತಿಪಟೂರಿನ ಕೊರಿಯರ್ ಆಫೀಸಿನಿಂದ ಮನೆಯವರೆಗೆ ಒಂದು ಗುಂಡಿಗೂ ಚಕ್ರ ಇಳಿಸದೆ ತಂದಿದ್ದ. ಅವನ ಹೆಂಡತಿ ಸಿದ್ದಗಂಗಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಏನ್ರೀ ಅದು? ಔಷಧಿ ಹೊಡೆಯೋ ಹೊಸ ಮಿಷಿನ್ನಾ?"

"ಔಷಧಿನೂ ಅಲ್ಲ, ಗೊಬ್ಬರನೂ ಅಲ್ಲ. ಜೋಡಿಸ್ತೀನಿ, ಆಮೇಲ್ ಬಂದ್ ನೋಡು," ಎಂದು ಅವನು ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಒಳಗೆ ಹೋದ.

ಸಿದ್ದಗಂಗಮ್ಮ ಇಪ್ಪತ್ತೈದು ವರ್ಷ ಆ ಮನೆಯ ನಡುಮನೆಯಲ್ಲಿ ಊರಿನ ಹೆಣ್ಣುಮಕ್ಕಳಿಗೆ ಹಾರ್ಮೋನಿಯಂ ಇಟ್ಟುಕೊಂಡು ವಚನ ಹಾಡುವುದನ್ನು ಹೇಳಿಕೊಟ್ಟವಳು. ಎರಡು ವರ್ಷದ ಹಿಂದೆ ಅವಳ ಬಲಗೈ ನಡುಗಲು ಶುರುವಾಯಿತು. ಮೊದಲು ಹಬ್ಬದ ಕೆಲಸದ ಆಯಾಸ ಅಂದುಕೊಂಡರು. ಆಮೇಲೆ ಬೆರಳು ಹಾರ್ಮೋನಿಯಂನ ಒಂದು ಮನೆ, ಅಂದರೆ ಒಂದು ಸ್ವರದ ಪಟ್ಟಿ, ಒತ್ತಲು ಹೋಗಿ ಪಕ್ಕದ ಮನೆಯನ್ನೂ ಒತ್ತತೊಡಗಿತು. ಪ್ರಾಣಕ್ಕೇನೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿ ಮಾತ್ರೆ ಕೊಟ್ಟರು. ಮಾತ್ರೆಗೆ ಕೈ ಬಗ್ಗಲಿಲ್ಲ. ಒಂದು ದಿನ ಅವಳು ಹಾರ್ಮೋನಿಯಂಗೆ ಹಳೆಯ ರೇಷ್ಮೆ ಸೀರೆಯ ತುಂಡು ಹೊದಿಸಿ, "ಪರೀಕ್ಷೆ ಮುಗಿಸ್ಕಂಡು ಬನ್ರಮ್ಮ" ಎಂದು ಹುಡುಗಿಯರನ್ನು ಕಳಿಸಿಬಿಟ್ಟಳು. ಪರೀಕ್ಷೆ ಮುಗಿದ ಮೇಲೂ ಅವಳು ಕರೆಯಲಿಲ್ಲ.

ಹಾಲಸ್ವಾಮಿಗೆ ಸಂಗೀತ ತಿಳಿಯದು. ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳುವಷ್ಟೇ ಅವನ ಕಿವಿ. ಆದರೆ ಸಂಜೆ ಹೊತ್ತು ಮನೆ ಬಿಕೋ ಅನ್ನುವುದು ಅವನಿಗೂ ಕೇಳಿಸುತ್ತಿತ್ತು. ತಿಂಗಳ ಹಿಂದೆ ಫೋನಿನಲ್ಲಿ ಯಾವುದೋ ವಿಡಿಯೋ ಬಂತು. ಒಬ್ಬ ಹೆಂಗಸು ಥೆರೆಮಿನ್ ಎಂಬ ಪೆಟ್ಟಿಗೆಯ ಮುಂದೆ ನಿಂತು ಬರೀ ಗಾಳಿಯಲ್ಲಿ ಕೈಯಾಡಿಸಿದರೆ ಪೆಟ್ಟಿಗೆ ಹಾಡುತ್ತಿತ್ತು. ಮನೆ ಇಲ್ಲ, ತಂತಿ ಇಲ್ಲ, ಏನನ್ನೂ ಒತ್ತುವ ಹಾಗಿಲ್ಲ. ಒತ್ತುವುದೇ ಇಲ್ಲದ ಮೇಲೆ ತಪ್ಪು ಮನೆ ಒತ್ತುವ ಮಾತೇ ಇಲ್ಲವಲ್ಲ ಎಂದು ಅವನಿಗೆ ಹೊಳೆಯಿತು. ಹೆಂಡತಿಗೆ ಒಂದು ಮಾತೂ ಹೇಳದೆ ತರಿಸಿಬಿಟ್ಟ.

ಜೋಡಿಸುವುದು ಸುಲಭವಾಗಿತ್ತು. ಮೈಕಿನ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ ಕೂರಿಸಿ, ಬಲಗಡೆ ನೆಟ್ಟಗೆ ಒಂದು ಕಡ್ಡಿ, ಎಡಗಡೆ ಬಳೆಯ ಹಾಗೆ ಬಾಗಿದ ಇನ್ನೊಂದು ಕಡ್ಡಿ ಸಿಕ್ಕಿಸಬೇಕು. ಕಡ್ಡಿಯ ಹತ್ತಿರ ಕೈ ಬಂದಷ್ಟೂ ಸ್ವರ ಏರುತ್ತದೆ. ಬಳೆಯ ಮೇಲೆ ಕೈ ಇಳಿಸಿದರೆ ದನಿ ತಗ್ಗುತ್ತದೆ, ಎತ್ತಿದರೆ ಜೋರಾಗುತ್ತದೆ. ಸ್ಪೀಕರಿಗೆ ವಯರು ಚುಚ್ಚಿ ಸ್ವಿಚ್ ಹಾಕಿದ. ಪೆಟ್ಟಿಗೆ ಒಂದೇ ಸಮನೆ ಊಳಿಟ್ಟಿತು. ಸ್ವರ ಹೊಂದಿಸಲು ಪೆಟ್ಟಿಗೆಯ ಮುಖದ ಮೇಲಿದ್ದ ತಿರುಗಣೆಯನ್ನು ಯಾವ ಕಡೆ ತಿರುಗಿಸಿದರೂ ಊಳು ನಿಲ್ಲಲಿಲ್ಲ. ಅದರ ಅಡಿಯಲ್ಲಿ ಗುಂಯ್ ಎಂಬ ಸದ್ದು ಬೇರೆ.

ಅಷ್ಟರಲ್ಲಿ ಅವನ ತಾಯಿ ಕಲ್ಲಮ್ಮ ಕೋಲೂರಿಕೊಂಡು ನಡುಮನೆಗೆ ಬಂದರು. ಅವರು ಹತ್ತಿರವಾದಂತೆ ಊಳು ಕಿರುಚಾಯಿತು. ಮುದುಕಿ ಗಾಬರಿಯಾಗಿ ಹಿಂದೆ ಸರಿದರೆ ಅದೂ ಇಳಿಯಿತು.

"ನಾನೇನ್ ಮಾಡ್ದೆನ್ಲಾ ಸ್ವಾಮಿ?"

"ಏನೂ ಮಾಡ್ಲಿಲ್ಲ ಕಣವ್ವ. ಹತ್ರ ಯಾರೇ ಬಂದ್ರೂ ಅದಕ್ಕೆ ಗೊತ್ತಾಯ್ತದೆ. ಮುಟ್ಟಂಗಿಲ್ಲ ಇದನ್ನ."

"ಮುಟ್ಟಂಗಿಲ್ವಾ? ಮಡಿನಾ ಅದಕ್ಕೆ?"

ಹಾಲಸ್ವಾಮಿ ತಿಪಟೂರಿನ ಯೋಗೀಶನಿಗೆ ಫೋನು ಮಾಡಿದ. ಸುಟ್ಟ ಮೋಟರಿಗೆ ತಂತಿ ಸುತ್ತಿ ರಿಪೇರಿ ಮಾಡುವ ಯೋಗೀಶ ಇಪ್ಪತ್ತು ವರ್ಷದಿಂದ ಅವನ ಬೋರಿನ ಮೋಟರು ನೋಡಿಕೊಂಡು ಬಂದವನು. ಫೋನಿನಲ್ಲೇ ಊಳನ್ನು ಕೇಳಿಸಿಕೊಂಡು, "ಸ್ವಾಮಣ್ಣ, ಪಕ್ಕದಲ್ಲಿ ಕಬ್ಬಿಣ ಏನೈತೆ?" ಅಂದ.

"ಬೀರು ಐತೆ."

"ಮೊದ್ಲು ಅಲ್ಲಿಂದ ಈಚೆಗ್ ತನ್ನಿ. ಆಮೇಲೆ ಅದರ ಬೆನ್ನಿಗೆ ಒಂದು ಅರ್ಥ್ ವಯರ್ ಕೊಡಿ. ನಿಮ್ ಹಿತ್ಲು ಅರ್ಥ್ ಗುಂಡಿಗೆ ನೀರ್ ಹುಯ್ದು ಎಷ್ಟ್ ಕಾಲ ಆಯ್ತೋ!"

ಗುಂಡಿಗೆ ಎರಡು ಕೊಡ ಉಪ್ಪುನೀರು ಸುರಿದು, ಕಿಟಕಿಯಿಂದ ಹಸಿರು ವಯರು ಎಳೆದು, ಪೆಟ್ಟಿಗೆಯನ್ನು ನಡುಮನೆಯ ನಟ್ಟನಡುವೆ ನಿಲ್ಲಿಸುವ ಹೊತ್ತಿಗೆ ಹಾಲಸ್ವಾಮಿಯ ಬನಿಯನ್ ಒದ್ದೆಯಾಗಿತ್ತು. ಈ ಸಲ ತಿರುಗಣೆ ಮೆಲ್ಲಗೆ ತಿರುಗಿಸಿದರೆ ದನಿ ಇಳಿಯುತ್ತ ಇಳಿಯುತ್ತ ಹೋಗಿ ಮೌನವಾಯಿತು. ಕಡ್ಡಿಯ ಕಡೆ ಕೈ ಚಾಚಿದ. ಎಳೆಗರುವೊಂದು ತಾಯಿಯನ್ನು ಕರೆದ ಹಾಗೆ ಪೆಟ್ಟಿಗೆ ದನಿ ತೆಗೆಯಿತು.

"ಗಂಗಾ, ಬಾರೇ ಇಲ್ಲಿ!"

ಸಿದ್ದಗಂಗಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಅವನು ವಿಡಿಯೋ ತೋರಿಸಿದ, ಕಡ್ಡಿ ತೋರಿಸಿದ, ಬಳೆ ತೋರಿಸಿದ. ಅವಳ ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ಕುತೂಹಲ. ಎಡಗೈಯನ್ನು ಬಳೆಯ ಮೇಲೆ ಹಿಡಿದು, ಬಲಗೈಯನ್ನು ಕಡ್ಡಿಯ ಹತ್ತಿರ ಒಯ್ದಳು.

ಸ್ವರ ಬಂತು. ಬಂದದ್ದೇ ನಡುಗತೊಡಗಿತು. ಕೈ ಎಷ್ಟು ನಡುಗುತ್ತಿತ್ತೋ ಅಷ್ಟನ್ನೂ ಪೆಟ್ಟಿಗೆ ಹಿಡಿದು ಸ್ಪೀಕರಿನಲ್ಲಿ ಜೋರಾಗಿ ಹೇಳಿತು. ಅವಳು ಕೈ ಬಿಗಿಹಿಡಿಯಲು ನೋಡಿದಳು, ನಡುಕ ಹೆಚ್ಚಾಯಿತು. ಸಿದ್ದಗಂಗಮ್ಮ ಥಟ್ಟನೆ ಕೈ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

"ನನ್ ಕೈ ನಡುಗೋದು ಕಣ್ಣಿಗೆ ಕಂಡಿದ್ ಸಾಲ್ದು ಅಂತ ಬೀದಿಗೆಲ್ಲ ಕೇಳ್ಸಾಕೆ ತಂದ್ರಾ ಇದನ್ನ?" ಎಂದವಳೇ ಹಿತ್ತಲ ಕಡೆ ಹೊರಟುಹೋದಳು.

ಹಾಲಸ್ವಾಮಿ ನಿಂತಲ್ಲೇ ನಿಂತ. ಅವನು ಹತ್ತಿರವಿದ್ದುದರಿಂದ ಪೆಟ್ಟಿಗೆ ಒಂದೇ ಸ್ವರದಲ್ಲಿ ಗುನುಗುತ್ತಲೇ ಇತ್ತು. ಸ್ವಿಚ್ ಆರಿಸಲು ಚಾಚಿದ ಕೈ ಬಳೆಯ ಮೇಲೆ ಹಾದು ದನಿ ಒಮ್ಮೆ ತಗ್ಗಿ ಎದ್ದಿತು, ಅಷ್ಟೆ. ಸ್ವರ ಕದಲಲಿಲ್ಲ. ಇನ್ನೊಮ್ಮೆ ಕೈಯಾಡಿಸಿದ. ಬೇಕೆಂತಲೇ ಕೈ ನಡುಗಿಸಿದ. ದನಿ ಗಾಳಿಗೆ ದೀಪ ಅಲುಗಿದ ಹಾಗೆ ಸ್ವಲ್ಪ ಅಲುಗಿತು. ಸ್ವರ ಅಲ್ಲೇ ಇತ್ತು. ಅವನು ಸ್ವಿಚ್ ಆರಿಸಿ ಹಿತ್ತಲಿಗೆ ಹೋದ.

ಅವಳು ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಅವನು ಎದುರಿಗೆ, ತೆಂಗಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಯೋಚ್ನೆ ಮಾಡ್ಲಿಲ್ಲ ಕಣೇ. ಒತ್ತೋ ಕೆಲ್ಸ ಇಲ್ವಲ್ಲ ಅಂತ ತಂದೆ."

"ನನ್ನ ಒಂದ್ ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ಬ್ಯಾಡ ಅಂತಿದ್ದೆ."

"ಅಂತಿದ್ದೆ. ಅದಕ್ಕೆ ಕೇಳ್ಬೇಕಿತ್ತು."

ಅವನು ಕೆಳಗೆ ಬಿದ್ದಿದ್ದ ತೆಂಗಿನ ಗರಿಯೊಂದನ್ನು ಸೀಳುತ್ತ ಕೂತ. ಆಮೇಲೆ ಅವಳೇ ಹೇಳಿದಳು, "ನಿಮಗೆ ಕಾಫಿ ಅರ್ಧ ಲೋಟ ಕೊಡೋದು ಯಾಕೆ ಅಂತ ಗೊತ್ತಾ? ತುಂಬ ಹುಯ್ದ್ರೆ ಚೆಲ್ಲುತ್ತೆ."

"ಗೊತ್ತು."

"ಗೊತ್ತಿದ್ದೂ ಯಾವತ್ತೂ ಕೇಳ್ಲಿಲ್ವಲ್ಲ?"

"ಕೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ ಎರಡು ಸಲ ಈಸ್ಕಂಡು ಕುಡೀತಿದ್ದೆ."

ಸಿದ್ದಗಂಗಮ್ಮ ಅವನ ಮುಖ ನೋಡಿದಳು. ಎರಡು ವರ್ಷದಿಂದ ಈ ಗಂಡಸಿಗೆ ಇದ್ದಕ್ಕಿದ್ದಂತೆ ಕಾಫಿಯ ಚಪಲ ಹೆಚ್ಚಾಯಿತೆಂದು ಬೈದುಕೊಂಡಿದ್ದವಳು ಅವಳು. ಕಣ್ಣು ತುಂಬಿಬಂತು, ಜೊತೆಗೆ ನಗುವೂ ಬಂತು.

"ಎಡಗೈ ನಡುಗಲ್ಲ ಅಲ್ವಾ?" ಅವನು ಕೇಳಿದ.

"ಇಲ್ಲ."

"ಹಂಗಾದ್ರೆ ಪೆಟ್ಟಿಗೆ ತಿರುಗಿಸಿಬಿಡಾಣ. ಅದರ ಬೆನ್ನು ನಿನ್ ಕಡೆ ಬರ್ಲಿ. ಕಡ್ಡಿ ಎಡಕ್ಕೆ ಬತ್ತದೆ, ಬಳೆ ಬಲಕ್ಕೆ. ಸ್ವರ ಎಡಗೈಗೆ. ಬಲಗೈ ನಡುಗಿದ್ರೂ ದನಿ ಒಂಚೂರು ಅಲುಗ್ತದೆ, ಅಷ್ಟೆ. ಈಗ್ಲೇ ನೋಡ್ದೆ."

"ಎಡಗೈಗೆ ಸ್ವರ ಎಲ್ ಗೊತ್ತು? ಅದು ಜೀವಮಾನವೆಲ್ಲ ಹಾರ್ಮೋನಿಯಂ ತಿದಿ ಒತ್ತಿದ ಕೈ."

"ಕೈಗೆ ಗೊತ್ತಿಲ್ದಿದ್ರೆ ಬುಡು. ಕಿವಿಗೆ ಗೊತ್ತಲ್ಲ."

ಅವಳು ಒಡನೆ ಏಳಲಿಲ್ಲ. ತಂತಿಯ ಮೇಲಿದ್ದ ಬಟ್ಟೆಗಳನ್ನು ಎಳೆದು, ಮಡಿಸಿ, ಮೂಲೆಗೆ ಮೂಲೆ ಸೇರಿಸಿ ಒಪ್ಪ ಮಾಡಿದಳು. ಆಮೇಲೆ, "ಒಂದೇ ಸಲ ನೋಡ್ತೀನಿ. ಅತ್ತೆ ಎದುರಿಗೆ ಬ್ಯಾಡ," ಅಂದಳು.

ಅತ್ತೆಯನ್ನು ಏಳಿಸುವುದು ಆಗಲಿಲ್ಲ. ಕಲ್ಲಮ್ಮ ಆಗಲೇ ಬಾಗಿಲ ಬಳಿ ಚಾಪೆ ಹಾಸಿಕೊಂಡು ಎಲೆಯಡಿಕೆಯ ಚೀಲ ಬಿಚ್ಚಿದ್ದರು. "ನಾನ್ ದೂರದಲ್ಲೇ ಇವ್ನಿ, ಅದಕ್ಕೆ ಗೊತ್ತಾಗಲ್ಲ," ಅಂದರು.

ಪೆಟ್ಟಿಗೆ ತಿರುಗಿತು. ಈಗ ತಿರುಗಣೆಗಳು ಆಚೆ ಬದಿಗೆ ಬಂದಿದ್ದವು. ಹಾಲಸ್ವಾಮಿ ಎದುರಿಗೆ ನಿಂತು ದನಿ ಇಳಿಸಿ, ಮೌನ ಬಂದಮೇಲೆ ಪಕ್ಕಕ್ಕೆ ಸರಿದ. ಸರಿದ ಕೂಡಲೇ ಹೊಂದಿಸಿದ್ದು ತಪ್ಪಿ ದನಿ ಮತ್ತೆ ಎದ್ದಿತು. ವಾಪಸ್ಸು ಬಂದ, ಸರಿಹೋಯಿತು. ಸರಿದ, ಕೆಟ್ಟಿತು.

"ಅಲ್ಲೇ ಇರ್ರಿ," ಅಂದಳು ಸಿದ್ದಗಂಗಮ್ಮ. "ಅದಕ್ಕೆ ನೀವೂ ಬೇಕು ಅಂತ ಕಾಣುತ್ತೆ."

ಅವನು ಸ್ಟೂಲು ಎಳೆದುಕೊಂಡು ಅಲ್ಲೇ ಕೂತ. ಅವಳು ಕಣ್ಣು ಮುಚ್ಚಿದಳು. ಎಡಗೈ ಕತ್ತಲಲ್ಲಿ ಗೋಡೆ ತಡವುವ ಹಾಗೆ ಮುಂದೆ ಹೋಯಿತು. ಬಂದದ್ದು ಯಾವ ಸ್ವರವೂ ಅಲ್ಲ. ಕೈಯನ್ನು ಎಳ್ಳಷ್ಟು ಹಿಂದೆ ತಂದಳು, ಇನ್ನೂ ಎಳ್ಳಷ್ಟು. ಅಲ್ಲಿ ಷಡ್ಜ ನಿಂತಿತು. ಹಾಲಸ್ವಾಮಿಗೆ ಅದರ ಹೆಸರು ಗೊತ್ತಾಗಲಿಲ್ಲ. ಹೆಂಡತಿಯ ಹುಬ್ಬಿನ ಗಂಟು ಬಿಟ್ಟದ್ದು ಮಾತ್ರ ಕಂಡಿತು. ಬಲಗೈ ಬಳೆಯ ಮೇಲೆ ನಡುಗುತ್ತಲೇ ಇತ್ತು. ದನಿ ತುಸು ಅಲುಗಿತು. ಅವಳು ಮೊಣಕೈಯನ್ನು ಸೊಂಟಕ್ಕೆ ಒತ್ತಿ ಹಿಡಿದಳು, ಅಲುಗುವುದು ಕಡಿಮೆಯಾಯಿತು. ಪಂಚಮ ಹುಡುಕಲು ಎಂಟು ಸಲ ತಪ್ಪಿದಳು. ಒಂಬತ್ತನೆಯ ಸಲ ಸಿಕ್ಕಿದಾಗ, "ಹ್ಞಾಂ, ಇಲ್ಲಿದೀಯಾ?" ಎಂದು ಸ್ವರದ ಜೊತೆಗೇ ಮಾತಾಡಿದಳು.

ಹಾಲಸ್ವಾಮಿಯ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಕೊಬ್ಬರಿ ಮಂಡಿಯವರದ್ದೇ ಇರಬೇಕು. ಅವನು ಕೈ ಅಲ್ಲಾಡಿಸಲಿಲ್ಲ. ಮೂಗಿನ ತುದಿ ತುರಿಸುತ್ತಿತ್ತು, ಅದನ್ನೂ ತಡೆದುಕೊಂಡ.

"ಹಾರ್ಮೋನಿನೇ ಚೆನ್ನಾಗಿತ್ತು," ಎಂದರು ಕಲ್ಲಮ್ಮ ಎಲೆಗೆ ಸುಣ್ಣ ಹಚ್ಚುತ್ತ. "ಇದ್ಯಾಕೋ ಅಳ್ತದೆ."

"ಕಲೀತಾ ಕಲೀತಾ ನಗುತ್ತೆ ಅತ್ತೆ," ಅಂದಳು ಸಿದ್ದಗಂಗಮ್ಮ ಕಣ್ಣು ತೆರೆಯದೆ. ಒಂದೇ ಸಲ ಅಂದಿದ್ದವಳು ಊಟದ ಹೊತ್ತು ಮೀರಿದರೂ ನಿಂತೇ ಇದ್ದಳು.

ಅವತ್ತಿನಿಂದ ಸಂಜೆ ಐದಕ್ಕೆ ಅದೊಂದು ಪಾಠವಾಯಿತು. ಮೊದಲ ವಾರ ಪಕ್ಕದ ಮನೆಯ ತಿಮ್ಮಕ್ಕ, ಬೆಕ್ಕು ಮರಿ ಹಾಕಿದೆಯಾ ಎಂದು ವಿಚಾರಿಸಿಕೊಂಡು ಹೋದಳು. ಎರಡನೆಯ ವಾರ ಸಿದ್ದಗಂಗಮ್ಮ ಮೊಣಕೈಗೆ ಒರಗು ಕೊಡಲು ಮರದ ಹಲಗೆಯೊಂದನ್ನು ಮಾಡಿಸಿಕೊಂಡಳು. ತಿರುಗಣೆಗೆ ಕೈ ಚಾಚಿ ತಾನೇ ಹೊಂದಿಸಿಕೊಳ್ಳುವುದನ್ನೂ ಕಲಿತಳು. ಇನ್ನು ಮುಂದೆ ಗಂಡ ಅಲ್ಲಿ ಕೂರಬೇಕಾದ ಅಗತ್ಯವಿರಲಿಲ್ಲ. ಅದನ್ನು ಅವಳು ಹೇಳಿದಳು, ಅವನು ಕೇಳಿಸಿಕೊಂಡ. ಮರುದಿನವೂ ಐದು ಗಂಟೆಗೆ ಸ್ಟೂಲು ಎಳೆದುಕೊಂಡು ಬಂದು ಕೂತ. ಅವಳು ಅವನನ್ನು ಲೆಕ್ಕಕ್ಕೆ ಹಿಡಿದೇ ದನಿ ಹೊಂದಿಸಿಕೊಂಡಳು.

ಇಪ್ಪತ್ತು ದಿನ ಕಳೆದ ಮೇಲೆ, ಹುಡುಗಿಯರಿಗೆ ಎಲ್ಲಕ್ಕಿಂತ ಮೊದಲು ಹೇಳಿಕೊಡುತ್ತಿದ್ದ ವಚನದ ಪಲ್ಲವಿ ಮೊದಲಿನಿಂದ ಕೊನೆಯವರೆಗೆ ಬಂತು. ಎರಡು ಕಡೆ ಜಾರಿತು, ಒಂದು ಕಡೆ ನಡುಗಿತು. ಆದರೂ ಯಾವ ವಚನವೆಂದು ಹಾಲಸ್ವಾಮಿಗೂ ತಿಳಿಯಿತು. ಬಾಗಿಲ ಬಳಿ ಕಲ್ಲಮ್ಮ ಬಾಯೊಳಗೇ ಸಾಹಿತ್ಯ ಹೇಳಿಕೊಳ್ಳುತ್ತಿದ್ದರು.

"ಚೆನ್ನಾಗಿ ಬಂತು ಕಣೇ," ಅಂದ ಅವನು.

"ಮಧ್ಯಮ ತಪ್ಪಿತ್ತು. ನಿಮಗೆಲ್ಲಿ ತಿಳೀಬೇಕು," ಎಂದು ಸಿದ್ದಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು.