ಗಾಯದ ಪುಟ

ಮಾವ ತಂಬಿಗೆ ಎಸೆದ ದಿನ ನನ್ನ ಹುಬ್ಬು ಸೀಳಿ ನಾಲ್ಕು ಹೊಲಿಗೆ ಬಿದ್ದವು. ಮರುದಿನ ಅದೇ ಕೈ ಹಿಡಿದು ಕೂಡಿಸಿ ಗಂಜಿ ಕುಡಿಸಿದೆ. ಎಪ್ಪತ್ತೊಂದರ ಯುದ್ಧದಲ್ಲಿ ತಲೆಗೆ ಗುಂಡಿನ ಚೂರು ಬಡಿದು ನಮ್ಮೂರು ಮೊರಬಕ್ಕೆ ಮರಳಿದ ಸಿಪಾಯಿ ಮಡಿವಾಳೆಪ್ಪ ಅವರು. ಈಗ ಮರೆವು ಬಂದಿದೆ, ಹತ್ತಿರ ಬಂದವರೆಲ್ಲ ವೈರಿಗಳು. ಮೈ ತೊಳೆಯಲು ಹೋದರೆ ಕುತ್ತಿಗೆಗೇ ಕೈ ಹಾಕುತ್ತಾರೆ. ನನ್ನ ಗಂಡ ಸಿದ್ಧಾರೂಢ ತಿರುಗಿ ಬಡಿಯುವುದೂ ಉಂಟು. ಒಂದು ದಿನ ಇಬ್ಬರಲ್ಲಿ ಒಬ್ಬರು ಸಾಯುತ್ತಾರೆಂದು ನನ್ನ ಭಯ.

ಯುದ್ಧದಲ್ಲಿ ಗಾಯಗೊಂಡವರನ್ನು ನೋಡಿಕೊಳ್ಳುವ ಆಳಿಡಲು ಭತ್ಯೆ ಸಿಗಬಹುದೆಂದು ತಿಳಿದು, ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸಿದ ಮೇಲೆ ಅರ್ಜಿ ತುಂಬಿದೆ. ಊರಿನಲ್ಲಿ ಕಟಿಂಗ್ ಮಾಡುವ ಖಾಜಾಸಾಬ ಆಳಾಗಿ ಬರಲು ಒಪ್ಪಿದ್ದ. ಅವನ ದನಿಗೆ ಮಾವ ತುಸು ತಣ್ಣಗಾಗುತ್ತಿದ್ದರು.

ಧಾರವಾಡದ ಮಾಜಿ ಸೈನಿಕರ ಕಚೇರಿಯಲ್ಲಿ ಗುಮಾಸ್ತ ಮಾವನ ಸೈನ್ಯದ ಪುಸ್ತಕ ತೆರೆದು ಬೆಳಕಿಗೆ ಹಿಡಿದ. ಪ್ರತಿ ಮಹಾನವಮಿಯ ಖಂಡೇಪೂಜೆಗೆ ಕುಡಗೋಲು, ಕೊಡಲಿಗಳ ಜೊತೆ ಅದನ್ನೂ ಇಟ್ಟು, ಗಾಯದ ವಿವರವಿದ್ದ ಪುಟವನ್ನೇ ತೆರೆದು, ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುತ್ತಿದ್ದೆವು. ಮನೆಯಲ್ಲಿ ಅದಕ್ಕಿಂತ ದೊಡ್ಡ ಆಯುಧ ಇರಲಿಲ್ಲ. ಹದಿನೆಂಟು ವರ್ಷ ಹಚ್ಚಿದವಳು ನಾನೇ.

"ಅಕ್ಕಾರ, ಇಲ್ಲಿ ಒಂದಕ್ಷರಾನೂ ಓದಾಕ ಬರವಲ್ದು," ಅಂದ. "ಡಾಕ್ಟರು ಗಾಯದ ಕಲೆ ನೋಡಿ ಬರದು ಕೊಡ್ಲಿ. ಫೋಟೋನೂ ಹಚ್ರಿ. ಬಾಕಿ ನಾವು ಮ್ಯಾಲಿನವರಿಗೆ ಬರೀತೇವಿ."

ಕಲೆ ಇದ್ದದ್ದು ಕೂದಲೊಳಗೆ. ಮರುದಿನ ಬೆಳಿಗ್ಗೆ ಖಾಜಾಸಾಬ ತಲೆ ಬೋಳಿಸಲು ಅಂಗಳದಲ್ಲಿ ಮಾವನನ್ನು ಕೂರಿಸಿದ.

"ಅಜ್ಜಾರ, ಕನ್ಯಾ ನೋಡಾಕ ಹೊಂಟೀರಿ, ಚಂದ ಕಾಣಬೇಕಿಲ್ರಿ?"

"ಮೀಸಿ ಮುಟ್ಟಬ್ಯಾಡ ಮತ್ತ," ಅಂದು ಮಾವ ನಕ್ಕರು.

ಒಂದು ಬದಿ ಬೋಳಾಯಿತು. ಆಸ್ಪತ್ರೆಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. "ಲಗೂ ಮುಗಸಲೇ," ಎಂದು ನನ್ನ ಗಂಡ ಹಿಂದಿನಿಂದ ಬಂದು ಅಪ್ಪನ ಕುತ್ತಿಗೆ ಒತ್ತಿ ಹಿಡಿದ. ಮಾವನ ಮೊಣಕೈ ಅವನ ಬಾಯಿಗೆ ಬಡಿದು ಹಲ್ಲು ಮುರಿಯಿತು. ಅವನು ಅಪ್ಪನನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ತಲೆ ಹಿಡಿದು ಹಾಸುಗಲ್ಲಿಗೆ ಅಪ್ಪಳಿಸಿದ. ಒಮ್ಮೆ. ಮತ್ತೊಮ್ಮೆ.

ಖಾಜಾಸಾಬ ಕ್ಷೌರದ ಕತ್ತಿ ದೂರ ಎಸೆದು ಅವನ ಕೊರಳಪಟ್ಟಿ ಜಗ್ಗಿದ. "ಹಡದಪ್ಪ ಅದಾನಲೇ! ಬಿಡಲೇ!"

ನಾನು ಮಾವನ ತಲೆಗೆ ಸೆರಗು ಒತ್ತಿದೆ. ಹಳೆಯ ಕಲೆಯ ಪಕ್ಕದಲ್ಲೇ ಹೊಸ ಗಾಯ ಬಾಯಿ ತೆರೆದಿತ್ತು.

ನವಲಗುಂದದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಲಿಗೆ ಹಾಕಿ, ಬರೆಯುತ್ತ ಕೇಳಿದರು, "ಹಳೇದು ಗುಂಡಿನ ಚೂರಿಂದು, ಖರೆ. ಇದು ಹೆಂಗಾತು?"

"ಬಚ್ಚಲದಾಗ ಜಾರಿದರ್ರಿ," ಅಂದ ನನ್ನ ಗಂಡ, ಊದಿದ ತುಟಿಯಲ್ಲಿ.

ನಿಜ ಹೇಳಿದರೆ ಅರ್ಜಿಯೇ ಕೆಟ್ಟೀತು ಅನ್ನಿಸಿತು. ಹೇಳದಿದ್ದರೆ ನಾಳೆ ಮತ್ತೆ ಅದೇ ಹಾಸುಗಲ್ಲು.

"ಜಾರಿಲ್ರಿ," ಅಂದೆ. "ಇವರು ಬಡದಾರ."

ಡಾಕ್ಟರಮ್ಮ ಪೆನ್ನು ನಿಲ್ಲಿಸಿ ನನ್ನ ಹುಬ್ಬು ನೋಡಿದರು. ಆಮೇಲೆ ಎರಡೂ ಗಾಯಗಳನ್ನು ಬೇರೆ ಬೇರೆ ಬರೆದು, ಹಗಲಿರುಳು ಆಳು ಬೇಕೇಬೇಕೆಂದು ಸೇರಿಸಿ ಆಸ್ಪತ್ರೆಯ ಸಿಕ್ಕಾ ಒತ್ತಿದರು. "ಹೊಸಾದು ಪೊಲೀಸರಿಗೂ ಹೇಳಬೇಕಾಗ್ತೈತಿ," ಅಂದರು. "ಆಳು ಬರೂ ತನಕ ನಿಮ್ಮ ಗಂಡನ್ನ ತಡಿಯವ್ರು ಯಾರವಾ?"

ಹೊರಗಿನ ಕಟ್ಟೆಯ ಮೇಲೆ ಮಾವನನ್ನು ಕೂರಿಸಿದೆ. ಗಂಡ ಹಿಂದೆಯೇ ಬಂದ.

"ಮಂದಿ ಮುಂದ ಮಾನಾ ಕಳದಿ ಅಲ್ಲಬೇ!" ಎಂದು ನನ್ನ ಮೇಲೆ ಕೈ ಎತ್ತಿದ.

ಆ ಕೈ ಇಳಿಯಲಿಲ್ಲ. ಮಾವ ಅದನ್ನು ಗಾಳಿಯಲ್ಲೇ ಹಿಡಿದು ತಿರುವಿದ್ದರು. ಅದು ಮಗನ ಕೈಯೆಂದು ಅವರಿಗೆ ಗೊತ್ತಿರಲಿಲ್ಲ, ನಾನು ಯಾರೆಂಬುದೂ. ಎಲುಬು ಲಟಕ್ಕೆಂದಿತು. "ಲೇ, ಬಿಡಸ!" ಎಂದು ಗಂಡ ಮೊಣಕಾಲೂರಿ ಚೀರಿದ.

ನಾನು ಕಾಗದಗಳನ್ನು ಎದೆಗವಚಿಕೊಂಡು ನಿಂತೇ ಇದ್ದೆ.